ಬಸ್ಸು ಇಳಿಸಿದ ಜಾಗವೆಲ್ಲ ಊರಲ್ಲ

ಉತ್ತರ ಶ್ರೀಲಂಕಾದಲ್ಲಿ ಸರ್ಕಾರಕ್ಕೂ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) ನಡೆದ ಯುದ್ಧದ ನಂತರ ಹಳ್ಳಿಗಳಿಗೆ ಮರಳಿದವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾನು ಬರೆದ ಲೇಖನಕ್ಕೆ ಬಹಳ ಪತ್ರಗಳು ಬಂದಿವೆ. ಕಿಳಿನೊಚ್ಚಿ, ಮುಲ್ಲೈತೀವು ಜಿಲ್ಲೆಗಳಲ್ಲಿ ಮನೆ ಕಟ್ಟುವ ಯೋಜನೆಯೊಂದರಲ್ಲಿ ಫಲಾನುಭವಿಗಳ ಜಮೀನಿನ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು ಎಂದು ಅದರಲ್ಲಿ ಹೇಳಿದ್ದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಎಲ್ಲರನ್ನೂ ಊರಿಗೆ ಕಳಿಸಿಯಾಯಿತು ಎಂದು ಅಲ್ಲಿನ ಸರ್ಕಾರ 2012ರಲ್ಲೇ ಹೇಳಿತ್ತು. ನೀವು ನೋಡಿದರೆ ಇನ್ನೂ ಮುಗಿದಿಲ್ಲ ಎನ್ನುತ್ತೀರಿ. ಯಾವುದನ್ನು ನಂಬಬೇಕು?
— ಉಪನ್ಯಾಸಕರು, ಧಾರವಾಡ

ಸರ್ಕಾರ ಮುಚ್ಚಿದ್ದು ಶಿಬಿರವನ್ನು. ಅದು ಸುಳ್ಳಲ್ಲ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಕೊನೆಯ ರಣರಂಗದಿಂದ ಹೊರಬಂದ ಸುಮಾರು ಮೂರು ಲಕ್ಷ ಜನರನ್ನು ಶಿಬಿರಗಳಲ್ಲಿ ಕೂಡಿ ಹಾಕಿದರು. ಅದರಲ್ಲಿ ಬಹುಪಾಲು ಜನ ಇದ್ದದ್ದು ವವುನಿಯಾ ಜಿಲ್ಲೆಯ ಚೆಟ್ಟಿಕುಳಂ ಬಳಿಯ ಮೆನಿಕ್ ಫಾರ್ಮ್‌ನಲ್ಲಿ. ಸುತ್ತ ಮುಳ್ಳುತಂತಿ. ಪಾಸು ತೋರಿಸಿ ಹೊರಗೆ ಹೋಗಿಬರಲು ಜನರಿಗೆ ಅನುಮತಿ ಸಿಕ್ಕಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಹಂತಹಂತವಾಗಿ ಜನರನ್ನು ಕಳಿಸುತ್ತ ಬಂದು 2012ರ ಸೆಪ್ಟೆಂಬರ್ ಕೊನೆಗೆ ಶಿಬಿರಕ್ಕೆ ಬೀಗ ಹಾಕಿದರು.

ಆದರೆ ಕಟ್ಟಕಡೆಗೆ ಬಸ್ಸು ಹತ್ತಿದವರು ಯಾರು, ಎಲ್ಲಿ ಇಳಿದರು ಎಂದು ಕೇಳಬೇಕು. ಅವರು ಮುಲ್ಲೈತೀವು ಜಿಲ್ಲೆಯ ಕೇಪ್ಪಾಪುಲವು ಗ್ರಾಮದವರು. ಅವರ ಗದ್ದೆ, ಮನೆ, ತೆಂಗಿನ ತೋಟವೆಲ್ಲ ಸೇನೆಯ ಪ್ರಾದೇಶಿಕ ಕೇಂದ್ರದ ಬೇಲಿಯೊಳಗೆ ಸೇರಿಹೋಗಿದ್ದವು. ಹಾಗಾಗಿ ಪಕ್ಕದ ಸೀನಿಯಾಮೋಟ್ಟೈ ಎಂಬಲ್ಲಿ ಕಾಡು ಸವರಿ ಅಲ್ಲಿ ಇಳಿಸಿದರು. ಶಿಬಿರದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಪುನರ್ವಸತಿ ಆಗಿದೆ’ ಎಂದು ಬಿತ್ತು. ಸ್ವಂತ ಮನೆ ಕೂಗಳತೆಯಲ್ಲಿ, ತಾವು ಮಾತ್ರ ತಗಡಿನ ಜೋಪಡಿಯಲ್ಲಿ. ಅದೇ ಸುತ್ತಿನ ಪಿಲಕ್ಕುಡಿಯಿರುಪ್ಪಿನ ಹೆಂಗಸರು 2017ರ ಜನವರಿ 31ರಂದು ವಾಯುಪಡೆಯ ಕ್ಯಾಂಪಿನ ಎದುರು ರಸ್ತೆ ಬದಿ ಟಾರ್ಪಾಲು ಕಟ್ಟಿ ಕೂತರು. ಮಕ್ಕಳಿಗೆ ಅಲ್ಲೇ ಊಟ, ಅಲ್ಲೇ ಪಾಠ. ಮಾರ್ಚ್ 1ರಂದು ಜಮೀನು ಬಿಟ್ಟುಕೊಟ್ಟ ಮೇಲೆಯೇ ಎದ್ದರು. ‘ಪುನರ್ವಸತಿ ಆದವರು’ ಒಂದು ತಿಂಗಳು ರಸ್ತೆಯಲ್ಲಿ ಕೂರಬೇಕಾಯಿತು ಎಂದಾದರೆ ಆ ಪುಸ್ತಕದ ಲೆಕ್ಕವನ್ನು ನಾನು ಹೇಗೆ ಒಪ್ಪಲಿ? ಮರಳುವುದು ಎಂದರೆ ಜಿಲ್ಲೆಗೆ ಮರಳುವುದಲ್ಲ, ಹಳ್ಳಿಗೂ ಅಲ್ಲ. ತನ್ನ ಬಾವಿ, ತನ್ನ ಹಿತ್ತಲು, ತನ್ನ ಹೆಸರಿನ ಕಾಗದ ಇರುವ ಜಾಗಕ್ಕೆ ಮರಳುವುದು. ನಾನು ಅಳೆಯುವುದು ಇದೇ ಅಳತೆಯಿಂದ.

ಪ್ರಶ್ನೆ: ವರ್ಷಗಟ್ಟಲೆ ಬಿಟ್ಟುಹೋಗಿದ್ದ ಹಳ್ಳಿಗೆ ವಾಪಸು ಬಂದ ಕುಟುಂಬ ಮೊದಲು ಏನು ಮಾಡುತ್ತದೆ?
— ಗೃಹಿಣಿ, ಸಾಗರ

ಬಾವಿ ಹುಡುಕುತ್ತದೆ. ಇದನ್ನು ನಾನು ಮನೆಮನೆಯಲ್ಲೂ ಕಂಡೆ.

ಪುದುಕ್ಕುಡಿಯಿರುಪ್ಪಿನ ಪೂರ್ವ ಭಾಗ ಯುದ್ಧದ ಕೊನೆಯ ದಿನಗಳಲ್ಲಿ ನುಚ್ಚುನೂರಾದ ಪ್ರದೇಶ. ಅಲ್ಲಿಗೆ ಜನರನ್ನು ಬಿಟ್ಟದ್ದೇ ತಡವಾಗಿ. ಬಂದವರಿಗೆ ತಮ್ಮ ಬೇಲಿ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಎದೆಯೆತ್ತರ ಮುಳ್ಳುಕಂಟಿ, ಶೆಲ್ ಬಿದ್ದು ತಲೆ ಹಾರಿದ ತೆಂಗು, ಗೋಡೆಯೆಲ್ಲ ಬಿದ್ದು ಉಳಿದ ಸಿಮೆಂಟಿನ ನೆಲ. ಆ ನೆಲದ ಬಣ್ಣ ನೋಡಿ ‘ಇದು ನಮ್ಮ ಅಡುಗೆಮನೆ’ ಎಂದು ಗುರುತಿಸುತ್ತಿದ್ದರು. ಅಡುಗೆಮನೆ ಸಿಕ್ಕರೆ ಅಲ್ಲಿಂದ ಇಷ್ಟು ಹೆಜ್ಜೆಗೆ ಬಾವಿ ಎಂಬುದು ಹೆಂಗಸರ ಕಾಲಿಗೇ ನೆನಪಿರುತ್ತದೆ.

ಬಾವಿ ಸಿಕ್ಕರೂ ಇಳಿಯುವಂತಿಲ್ಲ. ಅದರೊಳಗೆ ಏನೆಲ್ಲ ಬಿದ್ದಿದೆಯೋ. ಹಳೆಯ ಸೈಕಲ್ಲು, ದನದ ಮೂಳೆ, ಕಟ್ಟೆಯ ಕಲ್ಲು ಕಂಡದ್ದುಂಟು. ಸಿಡಿಯದ ಶೆಲ್ ಇದ್ದದ್ದೂ ಉಂಟು. ಹಾಗಾಗಿ ಮೊದಲು ಮದ್ದುಗುಂಡು ತೆಗೆಯುವವರು ಬಂದು ನೋಡಬೇಕು, ಆಮೇಲೆ ಪಂಪು ಇಟ್ಟು ನೀರು ಹೊರಹಾಕಬೇಕು, ಹೂಳೆತ್ತಬೇಕು, ಕ್ಲೋರಿನ್ ಹಾಕಬೇಕು. ಕಡಲ ಹತ್ತಿರದ ಬಾವಿಯಾದರೆ ಆತುರದಿಂದ ಪೂರ್ತಿ ಎತ್ತಿಬಿಟ್ಟರೆ ಉಪ್ಪುನೀರು ನುಗ್ಗುತ್ತದೆ. ಅದಕ್ಕೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತುತ್ತಿದ್ದರು. ಅಲ್ಲಿಯವರೆಗೆ ಟ್ರ್ಯಾಕ್ಟರಿನಲ್ಲಿ ಬರುವ ನೀರಿನ ಟ್ಯಾಂಕಿಗೆ ಕಾಯಬೇಕು.

ಕೈಗೆ ಸಿಗುತ್ತಿದ್ದುದು: ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಿಂದ ಸೂರು ಹಾಕಿಕೊಳ್ಳಲು 25,000 ಶ್ರೀಲಂಕಾ ರೂಪಾಯಿ, ಕೆಲವು ತಿಂಗಳ ಅಕ್ಕಿ ಬೇಳೆ ಎಣ್ಣೆ, ಒಂದಷ್ಟು ತಗಡು, ಸಿಮೆಂಟು. ಇಷ್ಟರಲ್ಲಿ ಮಳೆಗಾಲ ಕಳೆಯಬೇಕು.

ಪ್ರಶ್ನೆ: ಭಾರತ ಅಲ್ಲಿ 50,000 ಮನೆ ಕಟ್ಟಿಸಿತು ಎಂದು ಓದಿದ್ದೇನೆ. ಗುತ್ತಿಗೆದಾರರಿಗೆ ಕೊಡದೆ ಜನರ ಕೈಗೇ ಹಣ ಕೊಟ್ಟರಂತೆ. ಅದು ಸರಿಹೋಯಿತೇ?
— ಸಿವಿಲ್ ಎಂಜಿನಿಯರ್, ಮೈಸೂರು

ನನ್ನ ಮಟ್ಟಿಗೆ ಆ ಯೋಜನೆಯ ಅತ್ಯುತ್ತಮ ತೀರ್ಮಾನವೇ ಅದು. 2010ರಲ್ಲಿ ಘೋಷಣೆಯಾಯಿತು. ಸುಮಾರು 46,000 ಮನೆ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಿಗೆ, 4,000 ಮಧ್ಯದ ಬೆಟ್ಟ ಸೀಮೆಯ ಟೀ ತೋಟದ ಕಾರ್ಮಿಕರಿಗೆ. ಆರಂಭದ ಸಾವಿರ ಮನೆಗಳನ್ನು ಗುತ್ತಿಗೆಗೆ ಕೊಟ್ಟು ಕಟ್ಟಿಸಿದರು. ಆಮೇಲೆ ಮನೆಯೊಂದಕ್ಕೆ 5.5 ಲಕ್ಷ ಶ್ರೀಲಂಕಾ ರೂಪಾಯಿಯನ್ನು ಕಂತುಗಳಲ್ಲಿ ನೇರವಾಗಿ ಮನೆಯವರ ಬ್ಯಾಂಕ್ ಖಾತೆಗೇ ಹಾಕಿದರು. ಅಡಿಪಾಯ ಆದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು, ಹೀಗೆ. 550 ಚದರಡಿ ಇರಬೇಕು ಎಂಬುದೊಂದು ಕಟ್ಟಳೆ. ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಎಲ್ಲಿ ಎಂಬುದೆಲ್ಲ ಮನೆಯವರ ಇಷ್ಟ. ಶಿಬಿರದಲ್ಲಿ ಮೂರು ವರ್ಷ ಬೇರೆಯವರು ಹಾಕಿದ ಸಾಲಿನಲ್ಲೇ ನಿಂತು ಬಂದವರು ತಮ್ಮ ಕಿಟಕಿಯನ್ನು ಎಲ್ಲಿಡಬೇಕೆಂದು ಮೇಸ್ತ್ರಿಯ ಜೊತೆ ಜಗಳವಾಡುವುದನ್ನು ನೋಡಿ ನನಗೆ ಬಹಳ ಸಂತೋಷವಾಗುತ್ತಿತ್ತು.

ತೊಂದರೆಗಳೂ ಇದ್ದವು. ಒಂದೇ ಸಮಯಕ್ಕೆ ಸಾವಿರಾರು ಮನೆ ಎದ್ದರೆ ಮರಳು ಎಲ್ಲಿಂದ ತರುವುದು? ಮರಳಿನ ಬೆಲೆ, ಮೇಸ್ತ್ರಿ ಕೂಲಿ ಎರಡೂ ಏರಿದವು. ಕೊಟ್ಟ ಹಣ ಸಾಲದೆ ಒಡವೆ ಅಡವಿಟ್ಟು ತಾರಸಿ ಮುಟ್ಟಿಸಿದವರು ಹಲವರು. ಮಗಳ ಮದುವೆಗೆ ಬೇಕೆಂದು ಇನ್ನೊಂದು ಕೋಣೆ ಸೇರಿಸಿ ಸಾಲಕ್ಕೆ ಬಿದ್ದವರೂ ಇದ್ದರು. ಅವರನ್ನು ಬೈಯುವ ಅಧಿಕಾರಿಗಳನ್ನು ಕಂಡಿದ್ದೇನೆ. ಮನೆ ಕಟ್ಟುವಾಗ ಮಗಳ ಮದುವೆ ನೆನೆಯದ ತಾಯಿ ಎಲ್ಲಾದರೂ ಇದ್ದಾಳೆಯೇ?

ನನಗೆ ಇಂದಿಗೂ ತಪ್ಪು ಅನ್ನಿಸುವುದು ಆಯ್ಕೆಯ ರೀತಿ. ಮನೆಯಲ್ಲಿ ಅವಲಂಬಿತರು ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡು ಒಂಟಿಯಾಗಿ ಉಳಿದ ಮುದುಕಿಗೆ ಇದರಿಂದಾಗಿಯೇ ಅಂಕ ಕಡಿಮೆ. ಸಾವಿನ ಲೆಕ್ಕ ಅವಳ ವಿರುದ್ಧವೇ ಹೋಯಿತು. ಪಟ್ಟಿಯ ಕೆಳಗೆ ಉಳಿದ ಅಂಥವರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದು ಮೇಲಿನವರ ಮುಂದೆ ಮತ್ತೆ ಮತ್ತೆ ಇಡುತ್ತಿದ್ದೆವು. ಕೆಲವು ಮನೆ ಆದವು, ಎಲ್ಲವೂ ಅಲ್ಲ.

ಪ್ರಶ್ನೆ: ಕಾಗದಪತ್ರ ಸುಟ್ಟುಹೋದವರಿಗೆ, ಗಂಡ ಕಾಣೆಯಾದ ಹೆಂಗಸರಿಗೆ ಜಮೀನು ಹೇಗೆ ಸಿಗುತ್ತದೆ?
— ವಕೀಲೆ, ಕಲಬುರಗಿ

ಇದು ನನ್ನ ಕೆಲಸದ ತಿರುಳು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯಾಳ್ಪಾಣದ ಕಡೆ, ಅಂದರೆ ಜಾಫ್ನಾದಲ್ಲಿ, ಹೆಚ್ಚಿನವು ಖಾಸಗಿ ಕ್ರಯಪತ್ರದ ಜಮೀನು. ಪತ್ರ ಕಳೆದರೂ ನೋಂದಣಿ ಕಚೇರಿಯ ಪ್ರತಿ ಸಿಗುವ ಸಾಧ್ಯತೆ ಉಂಟು. ಕಿಳಿನೊಚ್ಚಿ, ಮುಲ್ಲೈತೀವು ಸೇರಿದ ವನ್ನಿ ಸೀಮೆಯ ಕಥೆ ಬೇರೆ. ಅಲ್ಲಿ ಬಹುಪಾಲು ಸರ್ಕಾರಿ ಜಮೀನು, 1935ರ ಭೂ ಅಭಿವೃದ್ಧಿ ಕಟ್ಟಳೆಯಡಿ ಪರವಾನಗಿ ಮೇಲೆ ರೈತರಿಗೆ ಕೊಟ್ಟದ್ದು. ಆ ಪರವಾನಗಿ ಚೀಟಿಯನ್ನು ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಕ್ಕಳನ್ನೂ ಚೀಲವನ್ನೂ ಎತ್ತಿಕೊಂಡು ಬಂಕರಿನಿಂದ ಬಂಕರಿಗೆ ಓಡಿದವರನ್ನು ಬಲ್ಲೆ. ನಂದಿಕಡಲಿನ ಹಿನ್ನೀರು ದಾಟುವಾಗ ಕತ್ತಿನವರೆಗೆ ನೀರು. ಒದ್ದೆಯಾಗಿ ಒಣಗಿದ ಕಾಗದದಲ್ಲಿ ನಂಬರು ಮಾತ್ರ ಉಳಿದಿದ್ದರೂ ಅದೇ ಭಾಗ್ಯ, ನಂಬರು ಹಿಡಿದು ಪ್ರದೇಶ ಕಾರ್ಯದರ್ಶಿ ಕಚೇರಿಯ (ನಮ್ಮ ತಾಲ್ಲೂಕು ಕಚೇರಿಯಂಥದ್ದು) ದಫ್ತರ ತಡಕಬಹುದು. ದಫ್ತರವೇ ಸುಟ್ಟಿದ್ದರೆ ನೆರೆಹೊರೆಯವರ ಹೇಳಿಕೆ, ಗ್ರಾಮ ಸೇವಕರ ಪತ್ರ, ಹಳೆಯ ಮತದಾರರ ಪಟ್ಟಿ, ಶಾಲೆಯ ದಾಖಲಾತಿ, ಹೀಗೆ ಒಂದೊಂದೇ ಕೂಡಿಸಬೇಕು.

ನಾನಿದ್ದಾಗಿನ ನಿಯಮದಂತೆ ಆ ಪರವಾನಗಿ ಒಬ್ಬರ ಹೆಸರಿನಲ್ಲಿ, ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿ ಇರುತ್ತಿತ್ತು. ಅವನು ತೀರಿಕೊಂಡರೆ ಹೆಂಡತಿ ಬದುಕಿರುವವರೆಗೆ ಅನುಭವಿಸಬಹುದು, ಮಾರುವಂತಿಲ್ಲ. ಮರುಮದುವೆಯಾದರೆ ಆ ಹಕ್ಕೂ ಹೋಯಿತು. ಉತ್ತರಾಧಿಕಾರಿಯನ್ನು ಬರೆದಿಡದೆ ಹೋಗಿದ್ದರೆ ಅನುಸೂಚಿಯ ಪ್ರಕಾರ ಗಂಡುಮಕ್ಕಳ ಸರದಿ ಮೊದಲು. ಗಂಡಸರನ್ನೇ ಹೆಚ್ಚಾಗಿ ಕಳೆದುಕೊಂಡ ನಾಡಿನಲ್ಲಿ ಈ ನಿಯಮ ಹಿಡಿದು ಕೂತರೆ ಏನಾಗುತ್ತದೆ ಎಂದು ನಿಮಗೆ ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ಕಷ್ಟ ಕಾಣೆಯಾದವರ ಮನೆಗಳಲ್ಲಿ. ವರ್ಗಾವಣೆಗೆ ಮರಣಪತ್ರ ಕೇಳುತ್ತಿದ್ದರು. 2010ರಲ್ಲಿ ಅದಕ್ಕೆಂದೇ ತಾತ್ಕಾಲಿಕ ಕಾಯ್ದೆ ಮಾಡಿ ಮರಣಪತ್ರ ಪಡೆಯುವುದನ್ನು ಸುಲಭ ಮಾಡಿದರು. ಆದರೆ ಗಂಡ ಸೇನೆಗೆ ಶರಣಾದದ್ದನ್ನು ಕಣ್ಣಾರೆ ಕಂಡ ಹೆಂಗಸು ‘ಸತ್ತಿದ್ದಾನೆ’ ಎಂದು ಹೇಗೆ ಬರೆದುಕೊಡುತ್ತಾಳೆ? ಒಬ್ಬರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು, ಪೂರ್ತಿ ಓದಿ, ವಾಪಸು ಮೇಜಿನ ಮೇಲಿಟ್ಟರು. “ಪಿಳ್ಳೈ, ನಾನೇ ಸಹಿ ಹಾಕಿ ಅವರನ್ನು ಸಾಯಿಸಬೇಕಾ? ನಾಳೆ ಬಾಗಿಲಿಗೆ ಬಂದು ನಿಂತರೆ ಮುಖ ಹೇಗೆ ನೋಡಲಿ?” ಎಂದರು. ಅಲ್ಲಿ ಹಿರಿಯರು ಕಿರಿಯ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುವುದು. ಸಹಿ ಹಾಕಲಿಲ್ಲ. ಮನೆಯೂ ಆಗ ಮಂಜೂರಾಗಲಿಲ್ಲ.

2016ರಲ್ಲಿ ಕಾಯ್ದೆ ತಿದ್ದಿ, ಮರಣಪತ್ರದ ಬದಲು ‘ಕಾಣೆಯಾಗಿದ್ದಾರೆ’ ಎಂಬ ಪ್ರಮಾಣಪತ್ರ ಕೊಡುವ ಅವಕಾಶ ಮಾಡಿದರು. ಸಾವನ್ನು ಒಪ್ಪದೆಯೇ ಮನೆ, ಬ್ಯಾಂಕು, ಮಕ್ಕಳ ವ್ಯವಹಾರ ನೋಡಿಕೊಳ್ಳಬಹುದು. ಇಂಥದ್ದೊಂದು ಕಾಗದ ಯುದ್ಧ ಮುಗಿದ ವರ್ಷವೇ ಬಂದಿದ್ದರೆ ಎಷ್ಟು ಮನೆಗಳು ಎದ್ದಿರುತ್ತಿದ್ದವು! ಏಳು ವರ್ಷ ತಡವಾಯಿತು.

ಪ್ರಶ್ನೆ: ಗಡಿ, ವಿಮಾನ ನಿಲ್ದಾಣ, ಬಂದರು ಇರುವಲ್ಲಿ ಸೇನೆಗೆ ಜಾಗ ಬೇಡವೇ? ನಿಮ್ಮ ಲೇಖನ ಏಕಪಕ್ಷೀಯ ಅನ್ನಿಸಿತು.
— ನಿವೃತ್ತ ಸೈನಿಕರು, ಮಡಿಕೇರಿ

ಬೇಕು. ಜಾಫ್ನಾ ಜಿಲ್ಲೆಯ ಪಲಾಲಿಯಲ್ಲಿ ವಿಮಾನ ನಿಲ್ದಾಣ, ಕಾಂಗೇಶನ್‌ತುರೈಯಲ್ಲಿ ಬಂದರು ಇವೆ, ಅವಕ್ಕೆ ಕಾವಲು ಬೇಡ ಎಂದು ಯಾರೂ ಹೇಳಲಾರರು. 1990ರಲ್ಲಿ ಯುದ್ಧ ಜೋರಾದಾಗ ಅವುಗಳ ಸುತ್ತಲಿನ ವಲಿಕಾಮಂ ಉತ್ತರದ ಹಳ್ಳಿಗಳನ್ನು ಜನ ಬಿಟ್ಟುಹೋಗಬೇಕಾಯಿತು, ಅದು ಅತಿ ಭದ್ರತಾ ವಲಯವಾಯಿತು. ಯುದ್ಧ ನಡೆಯುತ್ತಿರುವಾಗ ಇದಕ್ಕೆ ಅರ್ಥವಿತ್ತು.

2009ರ ನಂತರ ಏನಾಯಿತು ನೋಡಿ. 2013ರಲ್ಲಿ ಅಲ್ಲಿನ 6,381 ಎಕರೆಯನ್ನು ಸರ್ಕಾರ ಶಾಶ್ವತವಾಗಿ ವಶಪಡಿಸಿಕೊಳ್ಳುವ ನೋಟಿಸು ಹೊರಡಿಸಿತು. ಮಾಲೀಕರು ಯಾರೆಂದು ಗೊತ್ತಾಗುತ್ತಿಲ್ಲ ಎಂಬ ಒಕ್ಕಣೆ ಬೇರೆ! ಆ ಮಾಲೀಕರು ಕೆಲವೇ ಕಿಲೋಮೀಟರು ದೂರದ ಶಿಬಿರಗಳಲ್ಲಿದ್ದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಬರೆಸಿ ಕೋರ್ಟಿಗೆ ಹೋದರು. ಅದೇ ವಲಯದೊಳಗೆ ಕಡಲ ದಂಡೆಯಲ್ಲಿ ಸೇನೆ ಪ್ರವಾಸಿಗರ ವಿಹಾರಧಾಮ ನಡೆಸುತ್ತಿತ್ತು. ತೋಟಗಳಲ್ಲಿ ತರಕಾರಿ ಬೆಳೆದು ಮಾರುತ್ತಿತ್ತು. ನೀವು ಸಮವಸ್ತ್ರ ತೊಟ್ಟು ದುಡಿದವರು, ನೀವೇ ಹೇಳಿ, ವಿಹಾರಧಾಮಕ್ಕೂ ಕಾವಲಿಗೂ ಏನು ಸಂಬಂಧ? 2015ರಲ್ಲಿ ಸರ್ಕಾರ ಬದಲಾದ ಮೇಲೆ ಸಾವಿರ ಎಕರೆ ಬಿಡುವ ತೀರ್ಮಾನವಾಯಿತು, ಆಮೇಲೂ ತುಂಡು ತುಂಡಾಗಿ ಬಿಡುತ್ತ ಬಂದಿದ್ದಾರೆ. ಬೇಲಿ ಹಿಂದೆ ಸರಿದರೂ ದೇಶಕ್ಕೆ ಏನೂ ಆಗಲಿಲ್ಲ. ಇಷ್ಟು ವರ್ಷ ಅದು ಬೇಕಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನೆಲಬಾಂಬ್‌ಗಳನ್ನೆಲ್ಲ ತೆಗೆದರೇ?
— ಪಿಯುಸಿ ವಿದ್ಯಾರ್ಥಿನಿ, ಕೋಲಾರ

ಬಹುಪಾಲು ತೆಗೆದಿದ್ದಾರೆ, ಪೂರ್ತಿ ಇಲ್ಲ. ಎರಡೂ ಸೇನೆಗಳು ವರ್ಷಗಟ್ಟಲೆ ಎದುರುಬದುರು ನಿಂತಿದ್ದ ಮುಹಮಾಲೈ ಎಲ್ಲಕ್ಕಿಂತ ಕಷ್ಟದ ಜಾಗ. ಹುಲಿಗಳು ಮರದ ಪೆಟ್ಟಿಗೆಯಲ್ಲಿ ತಾವೇ ಬಾಂಬು ತಯಾರಿಸಿ ಹೂಳುತ್ತಿದ್ದರು. ಮಂಡಿಯೂರಿ ಕೂತು ಸಣ್ಣ ಸಲಕರಣೆಯಿಂದ ಮಣ್ಣು ಕೆರೆಯುವವರಲ್ಲಿ ಅಲ್ಲಿನ ಹೆಣ್ಣುಮಕ್ಕಳೇ ಬಹಳ ಮಂದಿ, ಎಷ್ಟೋ ಜನ ಮನೆಗೆ ಒಬ್ಬರೇ ದುಡಿಯುವವರು. ಶ್ರೀಲಂಕಾ 2017ರಲ್ಲಿ ನೆಲಬಾಂಬ್ ನಿಷೇಧದ ಒಪ್ಪಂದಕ್ಕೆ ಸೇರಿತು.

ಪ್ರಶ್ನೆ: ಯುದ್ಧದಲ್ಲಿ ಮನೆ ಕಳೆದುಕೊಂಡ ಉತ್ತರದ ಮುಸ್ಲಿಮರ ಬಗ್ಗೆ ನೀವು ಒಂದು ಸಾಲೂ ಬರೆಯಲಿಲ್ಲ.
— ವ್ಯಾಪಾರಿ, ಭಟ್ಕಳ

ಆ ಲೇಖನ ವನ್ನಿಯ ಬಗ್ಗೆ ಮಾತ್ರ ಇತ್ತು. ಈಗ ಬರೆಯುತ್ತೇನೆ, ಬರೆಯಲೇಬೇಕಾದ ವಿಷಯ.

1990ರ ಅಕ್ಟೋಬರ್‌ನಲ್ಲಿ ಹುಲಿಗಳು ಉತ್ತರದ ಐದೂ ಜಿಲ್ಲೆಗಳಿಂದ ಮುಸ್ಲಿಮರನ್ನು ಹೊರಹಾಕಿದರು, ಸುಮಾರು 75,000 ಜನರನ್ನು. ಜಾಫ್ನಾ ಪಟ್ಟಣದಲ್ಲಿ ಅಕ್ಟೋಬರ್ 30ರಂದು ಧ್ವನಿವರ್ಧಕದಲ್ಲಿ ಕೂಗಿ ಒಸ್ಮಾನಿಯಾ ಕಾಲೇಜಿನ ಮೈದಾನಕ್ಕೆ ಕರೆದು, ಎರಡು ಗಂಟೆಯಲ್ಲಿ ಊರು ಬಿಡಬೇಕೆಂದರು. ಹಣ, ಒಡವೆ, ಮನೆಯ ಪತ್ರ ಎಲ್ಲ ಕಿತ್ತುಕೊಂಡರು. ಹೆಚ್ಚಿನವರು ತಲುಪಿದ್ದು ಪಶ್ಚಿಮ ಕರಾವಳಿಯ ಪುತ್ತಳಂ. ಅಲ್ಲಿನವರು ತಮ್ಮ ಶಾಲೆ, ಮಸೀದಿ, ಬಾವಿ ಬಿಟ್ಟುಕೊಟ್ಟರು. ಎರಡು ದಶಕವಾಗುವಾಗ ಆ ಔದಾರ್ಯಕ್ಕೂ ಬಳಲಿಕೆ ಬಂತು.

2009ರ ನಂತರ ಇವರು ವಾಪಸು ಹೊರಟರೆ ಅಧಿಕಾರಿಗಳ ಬಾಯಲ್ಲಿ ಇವರು ‘ಹಳೆಯ ನಿರ್ವಸಿತರು’. ಮೆನಿಕ್ ಫಾರ್ಮ್‌ನಿಂದ ಬಂದವರದ್ದು ಮುಗಿಯಲಿ, ಆಮೇಲೆ ನೋಡೋಣ ಎಂಬ ಉತ್ತರ. ಹೋದಾಗ ಒಂದು ಕುಟುಂಬ, ಬರುವಾಗ ನಾಲ್ಕು. ಇದ್ದ ಒಂದು ತುಂಡು ಜಾಗದಲ್ಲಿ ನಾಲ್ಕು ಮನೆ ಎಲ್ಲಿ ಕಟ್ಟುವುದು? ಮನ್ನಾರಿನ ಮುಸಲಿ ಕಡೆ ಇನ್ನೊಂದು ಅನ್ಯಾಯ. ಜನರಿಲ್ಲದೆ ಗದ್ದೆ, ಮನೆಯ ಮೇಲೆ ಕಾಡು ಬೆಳೆಯಿತು. ಮರಿಚ್ಚುಕಟ್ಟಿ ಸುತ್ತಲಿನ ಅಂಥ ಜಾಗವನ್ನು 2012ರಲ್ಲಿ ಮೀಸಲು ಅರಣ್ಯವೆಂದು ಗೆಜೆಟ್ಟಿನಲ್ಲಿ ಪ್ರಕಟಿಸಿದರು. ತಮ್ಮ ಅಜ್ಜನ ಹೊಲ ಸವರಲು ಬಂದವರು ಕಾಡು ಕಡಿಯುವವರು ಎನ್ನಿಸಿಕೊಂಡರು.

ಅವರ ಮನೆಗಳಲ್ಲಿ ಬೇರೆಯವರು ನೆಲೆಸಿದ್ದ ಸಮಸ್ಯೆಯೂ ಇತ್ತು. ಹತ್ತು ವರ್ಷ ಅಡ್ಡಿಯಿಲ್ಲದೆ ಅನುಭವಿಸಿದರೆ ಅನುಭವಿಸಿದವರಿಗೇ ಹಕ್ಕು ಎಂಬ ಹಳೆಯ ಕಾನೂನು ಅಲ್ಲಿದೆ. ಬಂದೂಕಿಗೆ ಹೆದರಿ ಓಡಿದವರ ಮೇಲೆ ಅದನ್ನು ಹೇರಿದರೆ ಓಡಿಸಿದವರಿಗೇ ಲಾಭ. 2016ರ ವಿಶೇಷ ಕಾಯ್ದೆ 1983ರ ಮೇ 1ರಿಂದ 2009ರ ಮೇ 18ರವರೆಗಿನ ಕಾಲವನ್ನು ಆ ಹತ್ತು ವರ್ಷದ ಲೆಕ್ಕದಿಂದ ತೆಗೆದುಹಾಕಿತು. ಸರಿಯಾದ ಕಾಯ್ದೆ. ಇದು ತಮಿಳರಿಗೂ, ಸಿಂಹಳೀಯರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಯಾರ ಅನುಮತಿಗೂ ಕಾಯದೆ ಜನರೇ ಊರಿಗೆ ಹೋಗಿ ಕೂತದ್ದುಂಟೇ?
— ಮೀನುಗಾರರು, ಕಾರವಾರ

ಉಂಟು. ನೀವು ಕಡಲಿನವರು, ನಿಮಗೆ ಇಷ್ಟವಾಗುತ್ತದೆ. ಕಿಳಿನೊಚ್ಚಿ ಜಿಲ್ಲೆಗೆ ಸೇರಿದ ಇರಣೈತೀವು ಎಂಬ ಜೋಡಿ ದ್ವೀಪದ ಮೀನುಗಾರರು 1992ರಲ್ಲಿ ಊರು ಬಿಟ್ಟು ಎದುರಿನ ದಂಡೆಗೆ ಬಂದರು. ಯುದ್ಧ ಮುಗಿದ ಮೇಲೂ ದ್ವೀಪದಲ್ಲಿ ನೌಕಾಪಡೆ ಕೂತಿತ್ತು. ದಂಡೆಯಿಂದ ಹೋಗಿಬರಲು ಸುಟ್ಟ ಎಣ್ಣೆಗೇ ದಿನದ ದುಡಿಮೆ ಕರಗುತ್ತಿತ್ತು. 2017ರ ಮೇ 1ರಿಂದ ಧರಣಿ ಕೂತರು. ವರ್ಷ ಕಳೆಯುತ್ತ ಬಂದರೂ ಭರವಸೆ ಬಿಟ್ಟರೆ ಬೇರೇನೂ ಸಿಗಲಿಲ್ಲ. 2018ರ ಏಪ್ರಿಲ್ 23ರ ಬೆಳಗ್ಗೆ ಬಿಳಿ ಬಾವುಟ ಕಟ್ಟಿದ ದೋಣಿಗಳಲ್ಲಿ ಹೆಂಗಸರು, ಪಾದ್ರಿಗಳು, ಮುದುಕರು ಸಮೇತ ಹೊರಟು ನೇರ ದ್ವೀಪಕ್ಕೆ ಇಳಿದರು. ನೌಕಾಪಡೆ ತಡೆಯಲಿಲ್ಲ. ಮೊದಲು ಹೋದದ್ದು ಇಗರ್ಜಿಗೆ, ಪ್ರಾರ್ಥನೆ ಮುಗಿಸಿ ತಮ್ಮ ತಮ್ಮ ಬಾವಿ ನೋಡಿಕೊಂಡರು. ಆಮೇಲೆ ವಾಪಸು ಹೋಗಲೇ ಇಲ್ಲ. ಮುಂದಿನ ತಿಂಗಳು ಸರ್ಕಾರವೂ ಒಪ್ಪಿತು.

ಪ್ರಶ್ನೆ: ಇಪ್ಪತ್ತು ಮೂವತ್ತು ವರ್ಷ ಹೊರಗೆ ಬೆಳೆದ ಮಕ್ಕಳಿಗೆ ಆ ಹಳ್ಳಿ ಏಕೆ ಬೇಕು? ಒತ್ತಾಯದಿಂದ ಕಳಿಸುವುದು ಸರಿಯೇ?
— ಸಮಾಜಕಾರ್ಯ ವಿದ್ಯಾರ್ಥಿ, ತುಮಕೂರು

ಒತ್ತಾಯ ಸಲ್ಲದು. ಆಂತರಿಕ ನಿರ್ವಸಿತರ ಕುರಿತ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ಸೂತ್ರಗಳಲ್ಲಿ 28ನೆಯದು ಇದನ್ನೇ ಹೇಳುತ್ತದೆ. ಊರಿಗೆ ಮರಳುವುದೋ ಬೇರೆ ಕಡೆ ನೆಲೆಸುವುದೋ ಅವರ ಇಚ್ಛೆ, ಸುರಕ್ಷಿತವಾಗಿ, ಮರ್ಯಾದೆಯಿಂದ ಅದನ್ನು ಆಗಮಾಡುವುದು ಸರ್ಕಾರದ ಕರ್ತವ್ಯ. ಪಟ್ಟಣದಲ್ಲೇ ಇರುತ್ತೇನೆ ಎಂದವರ ಹಳ್ಳಿಯ ಜಮೀನಿನ ಹಕ್ಕು ಅಳಿಯಬಾರದು ಎಂಬುದನ್ನೂ ನಾನು ಸೇರಿಸುತ್ತೇನೆ.

ಎಷ್ಟೋ ಮನೆಗಳು ಎರಡೂ ಕಡೆ ಇರುತ್ತವೆ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ವವುನಿಯಾದಲ್ಲಿ ಬಾಡಿಗೆ ಕೋಣೆ. ಮಳೆ ಬಿದ್ದು ಬಿತ್ತನೆ ಶುರುವಾದಾಗ ತಾಯಿಯೊಬ್ಬಳೇ ಮುಲ್ಲೈತೀವಿನ ಹಳ್ಳಿಗೆ ಹೋಗಿ ತಗಡಿನ ಸೂರಿನಲ್ಲಿ ಇದ್ದು ಬರುತ್ತಾಳೆ. ತನಿಖೆಗೆ ಬಂದವರಿಗೆ ಬೀಗ ಕಂಡರೆ ‘ಇಲ್ಲಿ ವಾಸವಿಲ್ಲ’ ಎಂದು ಬರೆದು ಮನೆಯ ಪಟ್ಟಿಯಿಂದ ಹೆಸರು ಹೊಡೆಯುತ್ತಿದ್ದರು. ಅಂಥ ಒಂದು ಹೆಸರಿಗಾಗಿ ನಾವು ಓಡಾಡಿದೆವು. ಮಕ್ಕಳ ಶಾಲೆಯಿಂದ ಪತ್ರ, ಗ್ರಾಮ ಸೇವಕರಿಂದ ಪತ್ರ, ಆಕೆ ಬಿತ್ತಿದ ಗದ್ದೆಗೆ ರೈತ ಸಂಘದ ರಸೀದಿ, ಮೂರನ್ನೂ ಸೇರಿಸಿ ಪ್ರದೇಶ ಕಾರ್ಯದರ್ಶಿಯವರ ಮುಂದಿಟ್ಟೆವು. ಅವರು ಓದಿ, ಹೊಡೆದ ಗೆರೆಯ ಪಕ್ಕದಲ್ಲೇ ಹೆಸರನ್ನು ಮತ್ತೆ ಬರೆದು ಸಹಿ ಹಾಕಿದರು. ನೀವು ಮುಂದೆ ಇಂಥ ಕೆಲಸಕ್ಕೆ ಹೋದರೆ ಬೀಗ ಹಾಕಿದ ಮನೆ ಕಂಡಾಗ ಮೊದಲು ಅಕ್ಕಪಕ್ಕದವರನ್ನು ವಿಚಾರಿಸಿ, ಆಮೇಲೆ ಬರೆಯಿರಿ.